ಒಂದು ಮಾರು ಹಗ್ಗ

ಪತ್ರ ಬಂದದ್ದು ಶಾಲೆಯ ವಿಳಾಸಕ್ಕೆ.
ಹಿರೋಡೆಯ ಹಳೇ ಗೋರಿಗಳಲ್ಲಿ ಒಂದರ ಫೋಟೋ ಬೇಕಂತೆ
ಕಾರ್ನ್‌ವಾಲಿನ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರಿಗೆ.
ಮಲಗಿರುವವನು ಅವರ ತಾತನ ತಾತ.
ಅವನನ್ನು ಕೂರಿಸಿ ಹರಿಗೋಲು ಹಾಕಿದವನು
ನನ್ನ ತಾತನ ತಾತ.
ಇದು ಅವರಿಗೆ ಗೊತ್ತಿಲ್ಲ.

ಭಾನುವಾರ ಹೋಗಿ ಲಂಟಾನ ಸವರಿ
ನಿಂಬೆಹುಳಿ ಹಚ್ಚಿ ತೆಂಗಿನ ನಾರಲ್ಲಿ ಉಜ್ಜಿದೆ.
ಮೊದಲು ಎದ್ದದ್ದು ಲಂಗರು.
ಆಮೇಲೆ ಒಂದೊಂದೇ ಅಕ್ಷರ:
ಕಮಾಂಡರ್ ಜೋಸಾಯ ಟ್ರೆಗೆಲ್ಲಸ್.
ನಾಲಿಗೆ ಹೊರಳದೆ ನಮ್ಮವರು ಕರೆದದ್ದು
ತಿರುಗಲ್ ದೊರೆ.

ಪತ್ರದ ಜೊತೆಗೊಂದು ಹಾಳೆ, ಅವನ ಇಡೀ ಬದುಕು:
ಹದಿಮೂರಕ್ಕೆ ಹಡಗು.
ಚೀನಾದ ಲಡಾಯಿಯಲ್ಲಿ ಎಡಗೈಯ ಎರಡು ಬೆರಳು.
ಪರ್ಷಿಯಾದ ಖಾರಿಯಲ್ಲಿ ಒಂಬತ್ತು ವರ್ಷ
ನೀರಿನ ಆಳ ಅಳೆದು ನಕಾಶೆ ಬರೆದದ್ದು.
ಬೊಂಬಾಯಿಯ ಹಡಗುಪಡೆ ಮುಚ್ಚಿದ ಮೇಲೆ ಪಿಂಚಣಿ.
ಹೆಂಡತಿ ಹ್ಯಾರಿಯೆಟ್. ಗಂಡುಮಕ್ಕಳಿಬ್ಬರು,
ಇಬ್ಬರೂ ಕಡಲಿಗೆ. ಒಬ್ಬ ಮರಳಿದ.
ಕೊನೆಯ ಸಾಲು: ಲೆಟಿಸ್, ಮಗಳು, ಹುಟ್ಟಿದ್ದು ಇಂಡಿಯಾ.
ಮುಂದೆ ಒಂದು ಪ್ರಶ್ನೆ ಚಿಹ್ನೆ.

ಕಡಲಿಲ್ಲದ ಈ ಸೀಮೆಗೆ ಯಾಕೆ ಬಂದನೋ!
ಹವೆಗೆ ಅಂತಾರೆ, ಸಾಲಕ್ಕೆ ಅಂತಾರೆ.
ಬಂದವನಿಗೆ ತೊಣ್ಣೂರು ಕೆರೆ ಕಂಡಿತು, ಸಾಕಾಯಿತು.
ಬಿರುಗಾಳಿಗೆ ಜಗ್ಗದ ಹೊಟ್ಟೆ
ಮೊಗಣ್ಣನ ಹರಿಗೋಲು ಮೂರು ಸುತ್ತು ತಿರುಗಿದ್ದೇ
ವಾಂತಿ ಮಾಡಿಕೊಂಡಿತಂತೆ.
'ಕಡ್ಲು ನೆಟ್ಟಗ್ ಓಡ್ತದೆ ಬುದ್ದಿ,
ಕೆರೆ ಹಂಗಲ್ಲ' ಅಂದನಂತೆ ಮೊಗಣ್ಣ.

ಆಮೇಲೆ ದಿನಾ ಬೆಳಗ್ಗೆ ಇಬ್ಬರೂ ನೀರ ಮೇಲೆ.
ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ
ಇಳಿಬಿಡುವುದು, ಎಳೆಯುವುದು, ಎಣಿಸುವುದು.
ಕೊಬ್ಬಿಗೆ ಅಂಟಿ ಬರುತ್ತಿತ್ತು ಮರಳು, ಕಪ್ಪುಮಣ್ಣು,
ಒಮ್ಮೆ ಒಂದು ಗಾಜಿನ ಬಳೆ ಚೂರು.
ತೋಳು ಚಾಚಿದರೆ ಒಂದು ಮಾರು.
ಅದೇ ಅಳತೆ ಅವನ ಕಡಲಲ್ಲೂ, ನಮ್ಮ ಬಾವಿಯಲ್ಲೂ.
ಆದರೆ ಎರಡು ಬೆರಳು ಇಲ್ಲದ ಮಾರು
ಎಂದೂ ಮೊಗಣ್ಣನ ಮಾರಿಗೆ ಕೂಡಲಿಲ್ಲ.
ದೊರೆಗೆ ಒಂಬತ್ತು, ಇವನಿಗೆ ಎಂಟೂಮುಕ್ಕಾಲು.
ಜಗಳವಾಡುತ್ತಲೇ ಮುದುಕರಾದರು.

ಹ್ಯಾರಿಯೆಟ್ ಬಾಣಂತಿ ಜ್ವರದಲ್ಲಿ ಹೋದ ರಾತ್ರಿ
ಮೊಗಣ್ಣನ ಹೆಂಡತಿ ಹೊನ್ನಾಜಿ
ಎಂಟು ತಿಂಗಳ ಗಂಡುಕೂಸನ್ನು ಎದೆಯಿಂದ ಕಿತ್ತು
ಆ ಕೆಂಪುಕೂದಲಿನ ಹೆಣ್ಣನ್ನು ಹಚ್ಚಿಕೊಂಡಳು.
ಯಾರೂ ಹೇಳಲಿಲ್ಲ, ಯಾರೂ ಬೇಡ ಅನ್ನಲಿಲ್ಲ.

ಲೆಟ್ಟಮ್ಮ ಸೀಮೆಗೆ ಹೋಗಲಿಲ್ಲ.
ಅಣ್ಣ ಟಿಕೆಟ್ಟಿನ ದುಡ್ಡು ಕಳಿಸಿದ,
ಅದರಲ್ಲಿ ಎರಡು ಎಮ್ಮೆ ಕೊಂಡಳು.
ಭಾನುವಾರ ಬೈಬಲ್ಲು, ಉಳಿದ ದಿನ
'ಏನ್ಲಾ, ಹುಲ್ ಹಾಕಿದ್ಯಾ?'
ಮದುವೆಯಾಗಲಿಲ್ಲ. ಎಮ್ಮೆ ಸತ್ತಾಗ ಅತ್ತಳಂತೆ,
ಅಪ್ಪ ಸತ್ತಾಗ ಲಂಗರು ಕೆತ್ತುವವನಿಗೆ
ಕೂಲಿ ಚೌಕಾಸಿ ಮಾಡಿದಳಂತೆ.

ಅಪ್ಪನಿಂದ ಅವಳಿಗೆ ಬಂದ ಆಸ್ತಿ ಒಂದು ಗಂಟು.
ಹಡಗಿನವರ ಗಂಟು.
ಎಳೆದಷ್ಟೂ ಕಚ್ಚುತ್ತದೆ, ಕುತ್ತಿಗೆ ಹಿಸುಕದು,
ನೆನೆದರೂ ಹೆಬ್ಬೆರಳಲ್ಲಿ ಒತ್ತಿದರೆ ಬಿಚ್ಚುತ್ತದೆ.
ಅವಳು ನನ್ನ ತಾತನಿಗೆ, ತಾತ ಅವ್ವನಿಗೆ, ಅವ್ವ ನನಗೆ.
ನಮ್ಮ ಕೊಟ್ಟಿಗೆಯಲ್ಲಿ ಅದಕ್ಕೆ ಲೆಟ್ಟಗಂಟು ಅಂತ ಹೆಸರು.
ಇವತ್ತು ಬೆಳಗ್ಗೆ ಕರು ಕಟ್ಟಿದ್ದೂ ಅದರಲ್ಲೇ.

ಅವಳ ಗೋರಿ ಎಲ್ಲಿ ಎಂದು ನನಗೂ ಗೊತ್ತಿಲ್ಲ.
ಅವ್ವ ಕೆರೆ ಕೋಡಿಯ ಕಡೆ ಕೈ ತೋರಿಸುತ್ತಿದ್ದಳು,
ಕೈ ಒಂದೊಂದು ಸಲ ಒಂದೊಂದು ಕಡೆಗೆ.

ಫೋಟೋ ಕಳಿಸಿದೆ. ಹುಟ್ಟಿದ್ದು, ಸತ್ತದ್ದು ಬರೆದೆ.
ಪ್ರಶ್ನೆ ಚಿಹ್ನೆಗೆ ಏನು ಬರೆಯಲೆಂದು ತೋಚದೆ
ತೋಳು ಚಾಚಿ ಒಂದು ಮಾರು ಹಗ್ಗ ಅಳೆದು
ಗಂಟು ಹಾಕಿ ಲಕೋಟೆಯಲ್ಲಿ ತುರುಕಿದೆ.

ಅಂಚೆ ಕಚೇರಿಯ ಹುಡುಗಿ ಹಿಸುಕಿ ನೋಡಿದಳು.
'ಏನಿದೆ ಮೇಡಂ?'
'ಹಗ್ಗ.'
'ಬರೀ ಹಗ್ಗವಾ?' ಅಂದು ಫಾರಂ ತಳ್ಳಿದಳು:
ಬೆಲೆ ಎಷ್ಟು ಅಂತ ಇಲ್ಲಿ ತುಂಬಬೇಕು.
ಹಿಂದೆ ಸಾಲು ಬೆಳೆಯುತ್ತಿತ್ತು.